ಎಂಬತ್ತನಾಲ್ಕು ಇನ್ನೂರ ಅರವತ್ತು

ಬೆಳಿಗ್ಗೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಅವನು ಮೂರನೆಯ ಸಲ ‘ಅಯ್ಯೋ’ ಎಂದ. ಮೊದಲನೆಯದು ತೀರ ನಾಟಕದವರ ಅಯ್ಯೋ ಆಗಿತ್ತು. ಎರಡನೆಯದು ಆಕಳಿಕೆಯ ಹತ್ತಿರ ಹೋಗಿ ವಾಪಸು ಬಂದಿತ್ತು. ಮೂರನೆಯದರಲ್ಲಿ ಹುಬ್ಬು ಸರಿಯಾಗಿಯೇ ಮೇಲೇರಿತು, ಬಾಯಿ ಮಾತ್ರ ಸಿಕ್ಕಿಬಿದ್ದವನ ಬಾಯಿಯ ಹಾಗೆ ಒಂದು ಕಡೆಗೆ ವಾಲಿತು. ಆಕಸ್ಮಿಕವಾಗಿ ತಪ್ಪು ಮಾಡಿದವನ ಮುಖ ಹೇಗಿರುತ್ತದೆ ಎಂದು ಅವನು ಯೋಚಿಸಿದ. ಐವತ್ತೆಂಟು ವರ್ಷದಲ್ಲಿ ಬೇಕಾದಷ್ಟು ಎಡವಟ್ಟು ಮಾಡಿದ್ದ, ಆದರೆ ಆ ಹೊತ್ತಿನಲ್ಲಿ ಎದುರಿಗೆ ಕನ್ನಡಿ ಇರುತ್ತಿರಲಿಲ್ಲ.

“ಏನಾಯ್ತು ರೀ?” ಅಡುಗೆಮನೆಯಿಂದ ಹೆಂಡತಿ ಕೇಳಿದಳು.

“ಏನಿಲ್ಲ, ಗಡ್ಡ ಮಾಡ್ಕೊಳ್ವಾಗ ಸ್ವಲ್ಪ ಕೊಯ್ತು.”

“ನಿನ್ನೆ ಸಂಜೆ ತಾನೇ ಮಾಡ್ಕೊಂಡ್ರಲ್ಲ?”

ಮಾತು ಸುಳ್ಳಾಗಬಾರದೆಂದು ಅವನು ನುಣ್ಣಗಿದ್ದ ಕೆನ್ನೆಗೆ ಮತ್ತೆ ಸೋಪು ಹಚ್ಚಿ ಮತ್ತೆ ಬ್ಲೇಡು ಎಳೆಯಬೇಕಾಯಿತು. ಈ ಸಲ ನಿಜವಾಗಿಯೂ ಕೊಯ್ಯಿತು. ತಾನಾಗಿ ಹೊರಟ ಅಯ್ಯೋ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಹಾಗೆಯೇ ಜೇಬಿನಲ್ಲಿಟ್ಟುಕೊಂಡು ಹೋಗುವಂತಿದ್ದರೆ ಅವನ ಅರ್ಧ ಕೆಲಸ ಮುಗಿಯುತ್ತಿತ್ತು.

ಆ ಅಯ್ಯೋ ಬೇಕಾಗಿದ್ದುದು ಹನ್ನೊಂದು ಗಂಟೆಗೆ, ಸ್ಕೇಟಿಂಗ್ ಹಾಲಿನಲ್ಲಿ. ಹೆಂಡತಿ ಅಲ್ಲಿ ಗಾಲಿಬೂಟು ಕೊಡುವ ಕೌಂಟರಿನವಳು. ಇಪ್ಪತ್ತೆಂಟು ವರ್ಷದಿಂದ ಊರಿನವರ ಕಾಲಿನ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ಕೌಂಟರಿನ ಪಕ್ಕದಲ್ಲಿ ಆಳೆತ್ತರದ ಒಂದು ವಿಡಿಯೋ ಗೇಮ್ ಪೆಟ್ಟಿಗೆ ನಿಂತಿತ್ತು. ಮೇಲಿನಿಂದ ಸಾಲುಸಾಲಾಗಿ ಇಳಿದುಬರುವ ಹಡಗುಗಳಿಗೆ ಕೆಳಗಿನಿಂದ ಗುಂಡು ಹಾರಿಸುವ ಒಂದೇ ಒಂದು ಆಟ ಅದರಲ್ಲಿ. ಅದರ ಹೊಟ್ಟೆಯೊಳಗಿನ ಪಿಕ್ಚರ್ ಟ್ಯೂಬು, ಹಳೆಯ ಟೀವಿಗಳಲ್ಲಿರುತ್ತಿದ್ದಂಥ ಆ ದಪ್ಪ ಗಾಜಿನ ಬುರುಡೆ, ಈಗ ಮುಪ್ಪಾಗಿತ್ತು. ಹಡಗುಗಳೆಲ್ಲ ಮಂಜಿನಲ್ಲಿ ಸಿಕ್ಕಿಕೊಂಡ ನೊಣಗಳ ಹಾಗೆ ಕಾಣುತ್ತಿದ್ದವು. ಹಾಲಿನ ಯಜಮಾನರು, ಒಂದೋ ಹೊಸ ಪರದೆ ಹಾಕಿ, ಇಲ್ಲ ಗುಜರಿಗೆ ಹಾಕಿ ಎಂದುಬಿಟ್ಟರು. ಗುಜರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಎಲ್ಲಿಂದಲೋ, ಮುಚ್ಚಿಹೋದ ಯಾವುದೋ ಆಫೀಸಿನಿಂದ, ಒಂದು ಚಪ್ಪಟೆ ಮಾನಿಟರನ್ನು ಸಂಪಾದಿಸಿ ತಂದು ಮಂಚದ ಕೆಳಗೆ ಇಟ್ಟಳು. ಟೀವಿ ರಿಪೇರಿಯ ಗಂಡನನ್ನು ಕಟ್ಟಿಕೊಂಡದ್ದಕ್ಕೆ ಕೊನೆಗೂ ಒಂದು ಪ್ರಯೋಜನವಾಯಿತೆಂದು ನಾದಿನಿಗೆ ಫೋನು ಮಾಡಿ ಹೇಳಿದಳು. ಅವನಿಗೆ ಕೇಳಿಸಲೆಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದಳು.

ಪೆಟ್ಟಿಗೆಗೆ ನೆನಪೆಂಬುದಿರಲಿಲ್ಲ. ಕರೆಂಟು ಇರುವಷ್ಟು ಹೊತ್ತು ಮಾತ್ರ ಅದಕ್ಕೆ ಪ್ರಪಂಚ. ಒಮ್ಮೆ ಆರಿ ಹೊತ್ತಿದರೆ ಪರದೆಯ ಮೇಲಿನ ಸಾಲಿನಲ್ಲಿ, ಎಲ್ಲರಿಗಿಂತ ಹೆಚ್ಚು ಗಳಿಸಿದವರ ಅಂಕವಿರುವ ಜಾಗದಲ್ಲಿ, ಐದು ಸೊನ್ನೆ ಬಂದು ಕೂರುತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ, ಹಾಲಿನ ನೆಲಕ್ಕೆ ಪಾಲಿಶ್ ಹಾಕಿಸುತ್ತಿದ್ದ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದೆ ಬೇಜಾರಾಗಿ ಅವಳು ಆಟಕ್ಕೆ ಹಾಕುವ ಒಂದೇ ಬಿಲ್ಲೆಯಲ್ಲಿ ಎಂಬತ್ತನಾಲ್ಕು ಸಾವಿರದ ಇನ್ನೂರ ಅರವತ್ತು ಹೊಡೆದಳು. ಪಕ್ಕದಲ್ಲಿ ತನ್ನ ಹೆಸರಿನ ಮೂರಕ್ಷರ ಒತ್ತಿದಳು. ಸಂಜೆ ವಾಚ್‌ಮನ್ ಮೇನ್ ಸ್ವಿಚ್ ಇಳಿಸಲು ಹೋದಾಗ ಅವಳು ಎರಡೂ ಕೈ ಚಾಚಿ ಅಡ್ಡ ನಿಂತು, “ಮುಟ್ಟಿ ನೋಡೋಣ,” ಎಂದಳಂತೆ. ಅಂತೆ ಏಕೆ, ಅವನೇ ನೋಡಿದ್ದ. ಹಾಲಿನ ಆಂಪ್ಲಿಫೈಯರ್ ರಿಪೇರಿಗೆ ಅವತ್ತು ಅಲ್ಲಿಗೆ ಬಂದವನು, ಮೊಣಕಾಲೂರಿ ಕೂತಲ್ಲಿಂದಲೇ, ಬೇಕಿದ್ದರೆ ಇದಕ್ಕೊಂದು ಬ್ಯಾಟರಿ ಕಟ್ಟಿಕೊಡುತ್ತೇನೆ, ಕರೆಂಟು ಹೋದರೂ ಆರುವುದಿಲ್ಲ ಎಂದಿದ್ದ. ಪ್ರೀತಿಯ ಮಾತನ್ನು ಅದಕ್ಕಿಂತ ಚೆನ್ನಾಗಿ ಆಡುವುದು ಅವನಿಂದ ಸಾಧ್ಯವೂ ಇರಲಿಲ್ಲ. ಬ್ಯಾಟರಿ ಕಟ್ಟಿದ, ಅದನ್ನು ನೋಡಿಹೋಗುವ ನೆಪದಲ್ಲಿ ವಾರಕ್ಕೆರಡು ಸಲ ಬಂದ, ಮದುವೆಯಾದ. ಮದುವೆಗೆ ಒಪ್ಪುವ ಮುಂಚೆ ಅವಳು ಹೇಳಿದ್ದು ಒಂದೇ ಮಾತು: “ನನ್ನ ಸ್ಕೋರ್ ದಾಟೋವರ್ಗೂ ನನ್ನ ಮಾತಿಗೆ ಎದುರಾಡ್ಬಾರ್ದು.” ಅವನು ನಕ್ಕು ಒಪ್ಪಿದ. ನಗುವ ಮಾತಲ್ಲವೆಂದು ತಿಳಿದದ್ದು ಆಮೇಲೆ. ಗೋಡೆಗೆ ಯಾವ ಬಣ್ಣ, ಮಗಳಿಗೆ ಯಾವ ಹೆಸರು, ಕಿಟಕಿ ತೆರೆದು ಮಲಗುವುದೋ ಮುಚ್ಚಿ ಮಲಗುವುದೋ, ಯಾವುದಕ್ಕೆ ಬಾಯಿ ತೆರೆದರೂ ಅವಳು ತಲೆಯೆತ್ತದೆ, “ಎಂಬತ್ನಾಲ್ಕು ಇನ್ನೂರರವತ್ತು,” ಎನ್ನುತ್ತಿದ್ದಳು. ಅಲ್ಲಿಗೆ ಕಿಟಕಿ ತೆರೆದೇ ಇರುತ್ತಿತ್ತು. ಸೋಲುವುದು ಅವನಿಗೆ ಒಗ್ಗಿಹೋಯಿತು. ನಿಜ ಹೇಳಬೇಕೆಂದರೆ ಇಷ್ಟವೂ ಆಗಿತ್ತು. ಸೋತ ಗಂಡನನ್ನು ನೋಡಿ ಅವಳು ನಗುವ ಒಂದು ರೀತಿಯಿತ್ತು, ಅದಕ್ಕಾಗಿ ಅವನು ಇನ್ನೂ ನಾಲ್ಕು ಕಿಟಕಿ ತೆರೆದು ಮಲಗುತ್ತಿದ್ದ.

ಬಸ್ಸಿನಲ್ಲಿ ಅವಳು ಮಾನಿಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬ್ರೇಕು ಹಾಕಿದಾಗಲೆಲ್ಲ ಅದರ ಹಣೆಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಅವನು ಸಾಮಾನಿನ ಚೀಲ ಹಿಡಿದು ಪಕ್ಕದಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದ. “ಇವತ್ತು ಎಲ್ರಿಗೂ ಕಣ್ಣಿಗೆ ಹೊಡೆಯೋ ಹಾಗೆ ಕಾಣ್ಬೇಕು ನೋಡಿ ನನ್ ಸ್ಕೋರು,” ಎಂದಳು. “ಹೂಂ,” ಎಂದ. ಆದರೆ ಆ ಮೇಲಿನ ಸಾಲಿನಲ್ಲಿದ್ದದ್ದು ಅವಳ ಸ್ಕೋರೇ ಅಲ್ಲ. ಒಂಬತ್ತು ವರ್ಷದಿಂದ ಅಲ್ಲ. ಅವಳು ಹನ್ನೆರಡು ದಿನಕ್ಕೆಂದು ಅಕ್ಕನ ಮನೆಗೆ ಹೋಗಿದ್ದಳು. ಅವಳು ಬರುವುದರೊಳಗೆ ಬ್ಯಾಟರಿ ಬದಲಾಯಿಸಿಡೋಣವೆಂದು ಅವನು ಬೆಳಿಗ್ಗೆ ಹಾಲು ತೆರೆಯುವ ಮುಂಚೆ ಬಂದಿದ್ದ. ಆ ಕೆಲಸವನ್ನು ಮೊದಲೂ ಮೂರು ಸಲ ಮಾಡಿದ್ದ; ಕಣ್ಣು ಮುಚ್ಚಿ ಮಾಡುತ್ತೇನೆ ಎಂದು ಜಂಬ ಕೊಚ್ಚಿಕೊಂಡಿದ್ದ. ಅವತ್ತು ಕಣ್ಣು ಮುಚ್ಚಿರಲಿಲ್ಲ, ಓದುವ ಕನ್ನಡಕದ ಬದಲು ದೂರದ ಕನ್ನಡಕ ಹಾಕಿಕೊಂಡಿದ್ದ, ಅಷ್ಟೇ. ಕೆಂಪು ತಂತಿ ಕಪ್ಪಿಗೆ ತಾಗಿ ಸಣ್ಣಗೆ ಟಪ್ ಎಂದಿತು. ಚಿತ್ರ ಒಂದು ಚುಕ್ಕೆಯಾಗಿ ಕುಗ್ಗಿ, ಆರಿ, ಮತ್ತೆ ಅರಳಿತು. ಐದು ಸೊನ್ನೆಗಳು ಅವನನ್ನೇ ನೋಡುತ್ತಿದ್ದವು. ತಂದೆ ತೀರಿಕೊಂಡಾಗಲೂ ಅವನು ಹಾಗೆ ನೆಲದ ಮೇಲೆ ಕೂತಿರಲಿಲ್ಲ. ಹಾಗೆ ಕೂತೆನಲ್ಲಾ ಎಂಬ ನಾಚಿಕೆ ಇನ್ನೂ ಹೋಗಿರಲಿಲ್ಲ.

ಹೇಳಿಬಿಡಬಹುದಿತ್ತು. ಫೋನಿನಲ್ಲೇ ಹೇಳಬಹುದಿತ್ತು, ದೂರದಲ್ಲಿದ್ದಳು, ಕೈಗೆ ಸಿಗುತ್ತಿರಲಿಲ್ಲ. ಅದರ ಬದಲು ಅವನು ಸ್ಟೂಲು ಎಳೆದುಕೊಂಡು ಆಡಲು ಕೂತ. ಮೊದಲ ದಿನ ನಾಲ್ಕು ಸಾವಿರ. ಮೂರನೆಯ ದಿನ ಒಂಬತ್ತು. ಹನ್ನೊಂದು ಬೆಳಗು, ಅಂಗಡಿ ಮುಚ್ಚಿ, ಗಿರಾಕಿಗಳ ಟೀವಿಗಳನ್ನೆಲ್ಲ ಹೊಟ್ಟೆ ಬಿಚ್ಚಿದ ಹಾಗೆಯೇ ಬಿಟ್ಟು, ಒಬ್ಬ ನಲವತ್ತೊಂಬತ್ತು ವರ್ಷದ ಮನುಷ್ಯ ಖಾಲಿ ಹಾಲಿನಲ್ಲಿ ಕೂತು ಹಡಗುಗಳಿಗೆ ಗುಂಡು ಹಾರಿಸಿದ. ಕನಸಿನಲ್ಲೂ ಹೆಬ್ಬೆರಳು ಆಡುತ್ತಿತ್ತು. ಹನ್ನೊಂದನೆಯ ದಿನ ಅಂಕ ಎಂಬತ್ತನಾಲ್ಕು ಸಾವಿರದ ಇನ್ನೂರ ಹತ್ತಕ್ಕೆ ಬಂದು ನಿಂತಿತು. ಐವತ್ತರ ಹಡಗು ಒಂದು ಬಿದ್ದರೆ ಸಾಕು, ಆಮೇಲೆ ಕೈ ಕಟ್ಟಿಕೊಂಡು ಸಾಯುವುದು, ಅವಳ ಮೂರಕ್ಷರ ಒತ್ತುವುದು. ಐವತ್ತರ ಹಡಗು ಬಿತ್ತು. ಇನ್ನೂರ ಅರವತ್ತು! ಅದು ಕಣ್ಣಿಗೆ ಕಂಡದ್ದೂ ನಿಜ. ಆದರೆ ಅದರ ಬೆನ್ನಿಗೇ ಇನ್ನೊಂದು ಗುಂಡು ಆಗಲೇ ಹಾರಿತ್ತು. ಅದು ಮೇಲೆ ಹೋಗುತ್ತ ಹೋಗುತ್ತ, ಎಂದೂ ಬಾರದ, ಐನೂರು ಅಂಕದ ಕೆಂಪು ಹಡಗು ಅಡ್ಡ ಬಂದಾಗ ಅದಕ್ಕೆ ಹೋಗಿ ಬಡಿಯಿತು. ಎಂಬತ್ತನಾಲ್ಕು ಸಾವಿರದ ಏಳುನೂರ ಅರವತ್ತು. ಜೀವನದಲ್ಲಿ ಒಂದೇ ಸಲ ಹೆಂಡತಿಯನ್ನು ಸೋಲಿಸಿದ್ದ, ಅದಕ್ಕೂ ಅವಳ ಹೆಸರಿನಲ್ಲೇ ಸಹಿ ಹಾಕಬೇಕಾಯಿತು.

ಆ ಎರಡನೆಯ ಗುಂಡು ಹಾರಿಸಿದವರು ಯಾರು ಎಂಬುದೇ ಒಂಬತ್ತು ವರ್ಷದಿಂದ ಅವನ ತಲೆ ತಿನ್ನುತ್ತಿದ್ದ ಪ್ರಶ್ನೆ. ಬೆರಳು ನಡುಗಿ ತಾನಾಗಿ ಒತ್ತಿತೋ? ಅಥವಾ ಕಿಟಕಿ ಮುಚ್ಚಿ ಮಲಗಬೇಕೆನ್ನುವ ಒಬ್ಬ ಗಂಡಸು ಒಳಗೆಲ್ಲೋ ಕೂತು ಬೇಕೆಂದೇ ಒತ್ತಿದನೋ? ಮರುದಿನ ಮತ್ತೆ ಆಡಿ ಸರಿಮಾಡಬಹುದಿತ್ತು. ಆದರೆ ಅದಕ್ಕೆ ಆ ಏಳುನೂರ ಅರವತ್ತನ್ನು ಅಳಿಸಬೇಕಿತ್ತು, ಅದಕ್ಕೆ ಮನಸ್ಸು ಬರಲಿಲ್ಲ. ಕಾಪಾಡಿದ್ದು ಆ ಮುದಿ ಟ್ಯೂಬು. ಹದಿನೇಳು ವರ್ಷ ಒಂದೇ ಅಂಕ ಒಂದೇ ಜಾಗದಲ್ಲಿ ಉರಿದು ಗಾಜಿನೊಳಗೇ ಅದರ ಕಲೆ ಕೂತುಬಿಟ್ಟಿತ್ತು. ಹಳೆಯ ಎರಡರ ಮೇಲೆ ಹೊಸ ಏಳು ಬಂದು ಮಲಗಿ, ಎರಡೂ ಸೇರಿ ಒಂದು ಗೋಜಲಾಗಿ, ನೋಡಿದವರಿಗೆ ಅವರವರಿಗೆ ಗೊತ್ತಿದ್ದದ್ದೇ ಕಾಣುತ್ತಿತ್ತು. ಚಪ್ಪಟೆ ಮಾನಿಟರಿನಲ್ಲಿ ಹಾಗಾಗುವುದಿಲ್ಲ. ಅದರಲ್ಲಿ ಏಳು ಎಂದರೆ ಏಳು. ಆದ್ದರಿಂದಲೇ ನಿನ್ನೆ ಅವನು ತೀರ್ಮಾನಿಸಿದ್ದ: ಕೆಲಸದ ನಡುವೆ ಮೊಣಕೈ ಜಾರಿ, ಕರೆಂಟು ಬ್ಯಾಟರಿ ಎರಡನ್ನೂ ಒಟ್ಟಿಗೆ ಕಡಿಯುವ ಪೆಟ್ಟಿಗೆಯ ಸ್ವಿಚ್ಚಿಗೆ ತಾಗುತ್ತದೆ, ಎಲ್ಲ ಆರಿಹೋಗುತ್ತದೆ, ಅವನು ಅಯ್ಯೋ ಎನ್ನುತ್ತಾನೆ. ಅವಳು ಒಂದು ವಾರ ಮಾತು ಬಿಡುತ್ತಾಳೆ. ಆದರೆ ಸ್ಕೋರು ಹೋಯಿತೆಂದು ಬಿಡುತ್ತಾಳೆಯೇ ಹೊರತು, ಗಂಡ ಒಂಬತ್ತು ವರ್ಷ ತನಗೆ ಸುಳ್ಳನ್ನು ಬಡಿಸಿದನೆಂದು ಅಲ್ಲ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಹಾಲಿನಲ್ಲಿ ಭಾಮೈದ ಕಾಯುತ್ತಿದ್ದ. ಹೆಂಡತಿಯ ತಮ್ಮ, ಅಲ್ಲಿಯೇ ಕೋಚು. ಕೊರಳಿಗೆ ಸೀಟಿ ಕಟ್ಟಿಕೊಂಡೇ ಹುಟ್ಟಿದವನ ಹಾಗೆ ಇರುತ್ತಿದ್ದ. “ಏನ್ ಭಾವ, ಇವತ್ತು ಆಪರೇಷನ್ನಾ?” ಎಂದು ಹಲ್ಲು ಕಿರಿದ. ಅಕ್ಕನ ಅಪ್ಪಣೆಯ ಪ್ರಕಾರ ಬೆಳಗಿನ ಬ್ಯಾಚಿನವರನ್ನೂ ಬೆಂಚಿನ ಮೇಲೆ ಕೂರಿಸಿದ್ದ. ಡಾಕ್ಟರು ವ್ಯಾಯಾಮ ಮಾಡಿ ಎಂದದ್ದನ್ನು ಅತಿಯಾಗಿ ನಂಬಿದ ಏಳೆಂಟು ಜನ ನಡುವಯಸ್ಕರು, ಮೊಣಕಾಲಿಗೆ ಮೊಣಕೈಗೆ ಪ್ಯಾಡು ಬಿಗಿದುಕೊಂಡು, ಕಾಲ ಕೆಳಗಿನ ಗಾಲಿಗಳು ಓಡಿಹೋಗದಂತೆ ಹಿಮ್ಮಡಿ ಒತ್ತಿಕೊಂಡು ಕೂತಿದ್ದರು. ಇಷ್ಟು ಜನರ ಮುಂದೆ ಅಯ್ಯೋ ಎನ್ನುವುದನ್ನು ಅವನು ಅಭ್ಯಾಸ ಮಾಡಿರಲಿಲ್ಲ.

“ಅಲ್ಲ, ಈ ಮಾನಿಟರ್ ಇದಕ್ಕೆ ಹೊಂದೋದು ಕಷ್ಟ,” ಎಂದು ಅವನು ಕೊನೆಯದಾಗಿ ಒಂದು ಮಾತು ಹಾಕಿ ನೋಡಿದ. “ಇದರ ಸಿಗ್ನಲ್ಲೇ ಬೇರೆ, ಅದರದ್ದೇ ಬೇರೆ. ನಡುವೆ ಒಂದು ಬೋರ್ಡ್ ಹಾಕಿದ್ರೂ...”

“ಬಿಡಿ ಭಾವ, ಕಷ್ಟ ಆದ್ರೆ ಬೇಡ,” ಎಂದ ಭಾಮೈದ. “ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಇದಾನೆ, ಮೊಬೈಲ್ ರಿಪೇರಿಯವ್ನು. ಅವ್ನು ಅರ್ಧ ಗಂಟೇಲಿ ಹಾಕ್ಕೊಡ್ತೀನಿ ಅಂದಿದಾನೆ.”

“ಅರ್ಧ ಗಂಟೆ ಯಾಕೋ ಬೇಕು?” ಎಂದವನೇ ಅವನು ಚೀಲದ ಜಿಪ್ಪು ಎಳೆದ. ಎಳೆದ ಮೇಲೆ ತಾನು ಏನು ಮಾಡಿಕೊಂಡೆನೆಂದು ಗೊತ್ತಾಯಿತು. ಮೂವತ್ತೈದು ವರ್ಷದ ಕಸುಬು ಅವನ ಬುದ್ಧಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು.

ಹಿಂದಿನ ಹಲಗೆ ಬಿಚ್ಚಿದಾಗ ಬಿಸಿ ಧೂಳಿನ ವಾಸನೆ ಬಂತು. ಈ ವಾಸನೆ ಅವನಿಗೆ ಮನೆಯ ವಾಸನೆಗಿಂತ ಹಳೆಯದು. ಹೆಂಡತಿ ಟಾರ್ಚು ಹಿಡಿದು ಹೆಗಲ ಮೇಲಿಂದ ಬಗ್ಗಿ ನಿಂತಳು. ಪರದೆಗೆ ಹೋಗುವ ಕರೆಂಟಿನ ಪ್ಲಗ್ಗು ಬೇರೆ, ಆಟದ ಬೋರ್ಡಿಗೆ ಹೋಗುವುದು ಬೇರೆ; ಮೊದಲನೆಯದನ್ನು ಮಾತ್ರ ಕಿತ್ತರೆ ಆಟ ಕುರುಡಾಗಿ ಒಳಗೇ ನಡೆಯುತ್ತಿರುತ್ತದೆ, ಅಂಕ ಅಳಿಯುವುದಿಲ್ಲ. ಅವನು ಅದನ್ನು ಕಿತ್ತ. ಗಾಜಿನ ಮೇಲಿನ ಬೆಳಕು ಆರಿತು. ಎಲ್ಲರನ್ನೂ ದೂರ ಸರಿಯಲು ಹೇಳಿ, ತಂತಿ ಸುತ್ತಿದ ಉದ್ದನೆಯ ಸ್ಕ್ರೂಡ್ರೈವರನ್ನು ಟ್ಯೂಬಿನ ಬೆನ್ನಿಗೆ ಕೂತಿದ್ದ ರಬ್ಬರ್ ಬಟ್ಟಲಿನ ಕೆಳಗೆ ತೂರಿಸಿದ. ಒಳಗೆ ಉಳಿದಿದ್ದ ಸಾವಿರಾರು ವೋಲ್ಟು ಚಟ್ ಎಂದು ನೆಲಕ್ಕಿಳಿಯಿತು. ಬೆಂಚಿನಲ್ಲಿ ಯಾರೋ ಅಯ್ಯೋ ಎಂದರು. ಬಹಳ ಚೆನ್ನಾಗಿತ್ತು, ಅವನಿಗೆ ಹೊಟ್ಟೆಕಿಚ್ಚಾಯಿತು.

“ಇಪ್ಪತ್ತಾರು ವರ್ಷ ಕಣೋ,” ಎಂದು ಹೆಂಡತಿ ತಮ್ಮನಿಗೆ ಹೇಳುತ್ತಿದ್ದಳು. “ಒಂದ್ಸಲಾನೂ ಇದು ಆಫ್ ಆಗೋಕೆ ಬಿಟ್ಟಿಲ್ಲ ನಮ್ಮನೆಯವ್ರು. ಗುಡುಗು ಸಿಡಿಲು ಬಂದ್ರೂ ಎದ್ದು ಬಂದು ನೋಡಿ ಹೋಗಿದಾರೆ. ಬೇರೆ ಏನ್ ಮಾಡಿದ್ರೋ ಬಿಟ್ರೋ, ಇದೊಂದನ್ನ ಮಾತ್ರ ಸರಿಯಾಗಿ ಮಾಡಿದಾರೆ.”

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನಾಲ್ಕು ಜನರ ಮುಂದೆ ಅವನನ್ನು ಹೊಗಳಿದ್ದು ಅದೇ ಮೊದಲು. ಅವನ ಕಿವಿ ಬಿಸಿಯಾಯಿತು. ಈಗ ಮೊಣಕೈ ಜಾರಿದರೆ ಈ ಹೊಗಳಿಕೆಯೂ ಹೋಗುತ್ತದೆ, ಜಾರದಿದ್ದರೆ ಇನ್ನು ಕಾಲು ಗಂಟೆಯಲ್ಲಿ ಹೋಗುತ್ತದೆ. ಜಾರಿಸುವುದೇ ಮೇಲೆಂದು ಲೆಕ್ಕ ಹಾಕಿದ. ಟ್ಯೂಬನ್ನು ಎದೆಗವಚಿ ಹೊರಗೆಳೆಯುವ ನೆಪದಲ್ಲಿ ಬಲ ಮೊಣಕೈಯನ್ನು ಹಿಂದಕ್ಕೆ ಒಯ್ದು, ಆ ಸ್ವಿಚ್ಚಿರುವ ಕಡೆಗೆ ಒಂದು ಗುದ್ದು ಕೊಟ್ಟ. ಟಕ್ ಎಂದಿತು, ಆದರೆ ಏನೂ ಆರಲಿಲ್ಲ. ತಿರುಗಿ ನೋಡಿದ. ಸ್ವಿಚ್ಚಿನ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಮುಚ್ಚಳ, ಅದಕ್ಕೆ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಒಂಬತ್ತು ವರ್ಷದ ಹಿಂದೆ, ಆ ಅನಾಹುತದ ಮರುದಿನ, ಇನ್ನೆಂದೂ ಯಾರ ಕೈಯೂ ತಾಗಬಾರದೆಂದು ಅವನೇ ಕೂರಿಸಿ ಮರೆತದ್ದು. ಬ್ಯಾಟರಿಯ ತಂತಿಗಳಿಗೂ ಹಾಗೆಯೇ ಮೂರು ಸುತ್ತು ಟೇಪು, ಮೇಲೊಂದು ಕ್ಲಿಪ್ಪು. ಅಚ್ಚುಕಟ್ಟಾದ ಕೆಲಸ. ನಾಲ್ಕು ಸ್ಕ್ರೂ ಬಿಚ್ಚಿ ಆಗುವ ಆಕಸ್ಮಿಕವನ್ನು ಯಾವ ಹೆಂಡತಿಯೂ ನಂಬುವುದಿಲ್ಲ.

“ಪೆಟ್ಟಾಯ್ತಾ?” ಎಂದು ಅವಳು ಮೊಣಕೈ ಸವರಿದಳು. ಇಲ್ಲವೆಂದು ತಲೆಯಾಡಿಸಿದ. ಕಣ್ಣಲ್ಲಿ ನೀರು ಬಂದಿತ್ತು, ಪೆಟ್ಟು ಜೋರಾಗಿಯೇ ಆಗಿತ್ತು.

ಆಮೇಲೆ ಅವನು ಕೆಲಸ ಮಾತ್ರ ಮಾಡಿದ. ತಪ್ಪಿಸಿಕೊಳ್ಳಲು ದಾರಿಯಿಲ್ಲವೆಂದಾದಾಗ ಕೈಗೆ ಎಂಥದೋ ನೆಮ್ಮದಿ ಬರುತ್ತದೆ. ಮಾನಿಟರಿನ ಕಾಲು ಬಿಚ್ಚಿ, ಪ್ಲೈವುಡ್ಡಿನ ಎರಡು ಪಟ್ಟಿಗಳ ಮೇಲೆ ಅದನ್ನು ಕೂರಿಸಿ, ಹಳೆಯ ಟ್ಯೂಬು ವಾಲಿದ್ದಷ್ಟೇ ಹಿಂದಕ್ಕೆ ವಾಲಿಸಿ ಬಿಗಿದ. ಸಿಗ್ನಲ್ ಬದಲಾಯಿಸುವ ಸಣ್ಣ ಬೋರ್ಡನ್ನು ಪಕ್ಕದ ಗೋಡೆಗೆ ಹೊಡೆದು, ಬಣ್ಣಕ್ಕೊಂದರಂತೆ ತಂತಿಗಳನ್ನು ಜೋಡಿಸಿದ. ಈ ಸಲ ಓದುವ ಕನ್ನಡಕವನ್ನೇ ಹಾಕಿಕೊಂಡಿದ್ದ. ಸುತ್ತ ಉಳಿದ ಸಂದಿಗೆ ಕಪ್ಪು ರಟ್ಟು ಕತ್ತರಿಸಿ ಕೂರಿಸಿದಾಗ ಇಪ್ಪತ್ತೆಂಟು ನಿಮಿಷವಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದವನ ಮುಖ ಅವನ ಕಣ್ಣ ಮುಂದೆ ಬಂದು ಹೋಯಿತು. ಪ್ಲಗ್ಗು ಚುಚ್ಚಿ ಎದುರಿಗೆ ಬರುವ ಹೊತ್ತಿಗೆ ಪರದೆ ಹೊತ್ತಿಕೊಂಡಿತ್ತು.

ಎಲ್ಲರೂ ಓಹೋ ಎಂದರು. ಹಡಗುಗಳಿಗೆ ರೆಕ್ಕೆಗಳಿದ್ದವೆಂದು, ಕೆಲವಕ್ಕೆ ಕಣ್ಣೂ ಇತ್ತೆಂದು ಇಷ್ಟು ವರ್ಷಕ್ಕೆ ಗೊತ್ತಾಯಿತು. ಬೆಂಚಿನವರು ಚಪ್ಪಾಳೆ ತಟ್ಟಿದರು. ಒಬ್ಬರು ಎದ್ದು ನಿಲ್ಲಲು ಹೋಗಿ ಗಾಲಿ ಜಾರಿ ಮತ್ತೆ ಕೂತರು. ಹೆಂಡತಿ ಚಪ್ಪಾಳೆ ತಟ್ಟಲಿಲ್ಲ. ಅವಳು ಮೇಲಿನ ಸಾಲನ್ನು ನೋಡುತ್ತಿದ್ದಳು.

“ಎಂಬತ್ನಾಲ್ಕು...” ಎಂದು ಭಾಮೈದ ಗಟ್ಟಿಯಾಗಿ ಓದಿದ, “ಏಳ್ನೂರರವತ್ತು. ಅಕ್ಕಾ, ಇನ್ನೂರು ಅಂತಿದ್ಯಲ್ಲ ನೀನು?”

“ಇನ್ನೂರೇ.”

“ಇಲ್ಲಿ ಏಳಿದೆ.”

“ಕಾಣುತ್ತೆ ನಂಗೂ.”

“ಹಂಗಾದ್ರೆ ಈ ಹೊಸ ಪರದೆ ತಪ್ಪು ತೋರಿಸ್ತಿರ್ಬೇಕು. ಅಲ್ವಾ ಭಾವ?”

ಎಲ್ಲರೂ ಅವನ ಕಡೆ ತಿರುಗಿದರು. ಅವಳೂ ತಿರುಗಿದಳು. ಅವಳ ಮುಖದಲ್ಲಿ ಅನುಮಾನವಿರಲಿಲ್ಲ, ಪರಿಣತನೊಬ್ಬನ ಮಾತನ್ನು ನಂಬಲು ತಯಾರಾಗಿ ನಿಂತವಳ ಮುಖವಿತ್ತು. ಹೌದು, ಸಿಗ್ನಲ್ ಹೊಂದಿಲ್ಲ, ಎರಡು ಏಳಾಗಿ ಕಾಣುತ್ತಿದೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಈ ಹಾಲಿನಲ್ಲಿ, ಈ ಊರಿನಲ್ಲಿ, ಅದು ಸುಳ್ಳೆಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಮಾತು ನಾಲಿಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಅವನ ಕಣ್ಣು ಇನ್ನೊಮ್ಮೆ ಆ ಏಳಿನ ಮೇಲೆ ಬಿತ್ತು. ಎಷ್ಟು ನೇರವಾಗಿತ್ತು, ಎಷ್ಟು ಚೂಪಾಗಿತ್ತು! ಒಂಬತ್ತು ವರ್ಷದಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಅವನೂ ಸರಿಯಾಗಿ ನೋಡಿರಲಿಲ್ಲ.

“ಪರದೆ ತಪ್ಪು ತೋರಿಸಲ್ಲ,” ಎಂದ. ತಾನು ಹೇಳುತ್ತಿರುವುದು ಸತ್ಯವೋ, ಕೊಚ್ಚಿಕೊಳ್ಳುತ್ತಿರುವುದು ಜಂಬವೋ ಅವನಿಗೇ ತಿಳಿಯಲಿಲ್ಲ. “ಅದು ಏಳೇ. ನಾನು ಹೊಡೆದಿದ್ದು.”

ಭಾಮೈದ ನಗಲು ಬಾಯಿ ತೆರೆದವನು ಅಕ್ಕನನ್ನು ನೋಡಿ ಮುಚ್ಚಿದ. ಸೀಟಿ ಊದಿ ಬ್ಯಾಚಿನವರನ್ನು ನೆಲಕ್ಕೆ ಇಳಿಸಿದ. ಅವರು ಕಂಬಿ ಹಿಡಿದು, ಕತ್ತು ಮಾತ್ರ ಈ ಕಡೆಗೆ ತಿರುಗಿಸಿಕೊಂಡು, ನಿಧಾನವಾಗಿ ಸುತ್ತತೊಡಗಿದರು. ಅವಳು ನೆಲದ ಮೇಲಿಟ್ಟಿದ್ದ ಹಳೆಯ ಟ್ಯೂಬಿನ ಮುಂದೆ ಕೂತಳು. ಸೆರಗಿನಿಂದ ಗಾಜಿನ ಧೂಳು ಒರೆಸಿದಳು. ಬೆಳಕಿಲ್ಲದ ಬೂದಿಬಣ್ಣದ ಗಾಜಿನಲ್ಲಿ ಮೇಲಿನ ಸಾಲು ಸುಟ್ಟ ಕಲೆಯಾಗಿ ಉಳಿದಿತ್ತು. ನಡುವೆ ಎರಡೂ ಏಳೂ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಅವಳು ಎರಡರ ಸೊಟ್ಟ ಬೆನ್ನಿನ ಮೇಲೆ ಬೆರಳಾಡಿಸಿದಳು.

“ಯಾವತ್ತು ಹೋಯ್ತು ನಂದು?”

“ನೀನು ಅಕ್ಕನ ಮನೆಗೆ ಹೋಗಿದ್ಯಲ್ಲ, ಆಗ. ಬ್ಯಾಟರಿ ಬದಲಾಯಿಸ್ವಾಗ. ಕನ್ನಡಕ ತಪ್ಪು ಹಾಕ್ಕೊಂಡಿದ್ದೆ.”

“ಆಮೇಲೆ ನೀವು ಕೂತು ಆಡಿದ್ರಿ.”

“ಹನ್ನೊಂದು ದಿನ.”

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ಬಂದಾಗ ಮಣಿಕಟ್ಟು ಊದಿತ್ತು ನಿಮ್ದು. ಏಣಿಯಿಂದ ಬಿದ್ದೆ ಅಂದ್ರಿ. ಒಂದು ವಾರ ದಿನಾ ಬಿಸಿ ಎಣ್ಣೆ ಹಚ್ಚಿ ತಿಕ್ಕಿದ್ದು ನಾನು.”

“ಹೂಂ.”

“ನನ್ನನ್ನ ಸೋಲಿಸಿದ ಕೈಗೆ.”

“ಸೋಲಿಸ್ಬೇಕು ಅಂತ ಅಲ್ಲ ಕಣೆ. ಇನ್ನೂರರವತ್ತಕ್ಕೇ ನಿಲ್ಲಿಸ್ಬೇಕು ಅಂತಾನೇ ಇದ್ದೆ. ನಿಂತೂ ಇತ್ತು. ಒಂದು ಗುಂಡು ಮೊದಲೇ ಹಾರಿಬಿಟ್ಟಿತ್ತು...”

“ಹೇಳ್ಬಹುದಿತ್ತಲ್ಲ ನಂಗೆ.”

“ಹೇಳೋಣ ಅಂತಾನೇ ಇದ್ದೆ.”

“ಒಂಬತ್ತು ವರ್ಷ?”

ಬಗ್ಗಿಕೊಂಡಿದ್ದ ಅವಳ ಬೈತಲೆಯಲ್ಲಿ ಬಿಳಿ ಕೂದಲು ಇಷ್ಟೊಂದು ಆಗಿವೆಯೆಂದು ಅವನು ಗಮನಿಸಿರಲಿಲ್ಲ. ಎಷ್ಟು ಸಲ ಇವಳು ಇದೇ ಕೌಂಟರಿನಲ್ಲಿ ನಿಂತು, ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದವರಿಗೆ ಮೇಲಿನ ಸಾಲನ್ನು ತೋರಿಸಿ, ನಾನು ಹೊಡೆದದ್ದು ಎಂದಿದ್ದಾಳೋ! ಪ್ರತಿಯೊಂದು ಸಲವೂ ಅವಳ ಬೆನ್ನ ಹಿಂದೆ ನಿಂತು ಅವನು ಒಳಗೊಳಗೇ ಏಳ್ನೂರು, ಏಳ್ನೂರು ಎಂದುಕೊಂಡಿದ್ದ. ಕಿಟಕಿ ತೆರೆದು ಮಲಗಿ ಹೊದಿಕೆ ಎಳೆದುಕೊಳ್ಳುವಾಗಲೂ ಅಂದುಕೊಂಡಿದ್ದ, ಅದರಲ್ಲಿ ಒಂದು ಕಳ್ಳ ಸಂತೋಷವೂ ಇತ್ತು. ಅದು ಮಾತ್ರ ಇವಳಿಗೆ ಗೊತ್ತಾಗದಿರಲಿ ಎನಿಸಿತು. ಸುಳ್ಳು ಹೇಳಿದ್ದಕ್ಕಿಂತ ಅದು ನಾಚಿಕೆಯ ವಿಷಯವಾಗಿತ್ತು.

ಅವಳು ಎದ್ದು ಕೈ ಚಾಚಿದಳು. “ಸ್ಕ್ರೂಡ್ರೈವರ್ ಕೊಡಿ.”

ಕೊಟ್ಟ. ಅವಳು ಪೆಟ್ಟಿಗೆಯ ಹಿಂದೆ ಹೋಗಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದಳು. ಅವಸರವಿರಲಿಲ್ಲ. ಬಿಚ್ಚಿದ ಪ್ರತಿಯೊಂದನ್ನೂ ಅವನ ಅಂಗೈಯಲ್ಲಿ ಇಟ್ಟಳು. ನಾಲ್ಕನೆಯದು ಬಂದಾಗ ಅವನು, “ಬೇಡ ಕಣೆ, ನಿನ್ನ ಹೆಸರಾದ್ರೂ ಇರ್ಲಿ ಅದರಲ್ಲಿ,” ಎಂದ. ಅವಳು ಸ್ವಿಚ್ಚು ಇಳಿಸಿದಳು. ಪೆಟ್ಟಿಗೆಯೊಳಗೆ ಇಪ್ಪತ್ತಾರು ವರ್ಷದಿಂದ ಗುಂಯ್‌ಗುಟ್ಟುತ್ತಿದ್ದ, ಆದ್ದರಿಂದ ಯಾರಿಗೂ ಕೇಳಿಸುತ್ತಲೇ ಇರದಿದ್ದ ಒಂದು ಸದ್ದು ನಿಂತಿತು. ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು ಮತ್ತೆ ಏರಿಸಿದಳು. ಮೇಲಿನ ಸಾಲಿನಲ್ಲಿ ಐದು ಸೊನ್ನೆಗಳು ಗುಂಡಗೆ, ಮುದ್ದಾಗಿ ಬಂದು ಕೂತವು.

“ಬನ್ನಿ,” ಎಂದಳು.

“ಎಲ್ಲಿಗೆ?”

“ಆಡೋಕೆ. ಮೊದ್ಲು ನೀವು, ಆಮೇಲೆ ನಾನು. ನಿಮ್ ಹೆಸ್ರಲ್ಲೇ ಆಡಿ. ಬೇಕಂತ ಸೋತ್ರೆ ಮಾತ್ರ ನೋಡಿ, ಗೊತ್ತಾಗುತ್ತೆ ನಂಗೆ.”

ಬೇಕೆಂದು ಸೋಲಬಾರದೆಂದು ಅವನು ನಿಜವಾಗಿಯೂ ತೀರ್ಮಾನಿಸಿದ. ಇನ್ನು ಇವಳ ಮುಂದೆ ಒಂದು ಸಣ್ಣ ಮೋಸವೂ ಬೇಡ. ಸ್ಟೂಲು ಎಳೆದುಕೊಂಡು ಕೂತ, ಅಂಗೈ ಪ್ಯಾಂಟಿಗೆ ಒರೆಸಿಕೊಂಡ, ಬಿಲ್ಲೆ ಹಾಕಿದ. ಹಡಗುಗಳು ಇಳಿಯತೊಡಗಿದವು. ಆ ಹನ್ನೊಂದು ಬೆಳಗುಗಳಲ್ಲಿ ಹಾಲಿನಲ್ಲಿ ಒಂದು ಪ್ರಾಣಿಯೂ ಇರಲಿಲ್ಲ. ಈಗ ಹೆಗಲ ಹಿಂದೆ ಅವಳ ಉಸಿರಿತ್ತು, ಬಳೆಗಳ ಸದ್ದಿತ್ತು. ಎಡಕ್ಕೆ ಸರಿಯಬೇಕೆಂದುಕೊಂಡಾಗ ಕೈ ಬಲಕ್ಕೆ ಹೋಯಿತು. ಒತ್ತಿದ ಗುಂಡು ಒಂದು ಚೂರು ತಡವಾಗಿ ಹಾರುತ್ತಿತ್ತು, ಅಥವಾ ಅವನೇ ತಡವಾಗಿ ಒತ್ತುತ್ತಿದ್ದ. ಮೊದಲ ಜೀವ ಕಣ್ಣುಮುಚ್ಚಿ ತೆರೆಯುವುದರಲ್ಲಿ ಹೋಯಿತು. ಎರಡನೆಯದು, ಒಂದು ಹಡಗಿನ ಕಣ್ಣನ್ನು ಅವನು ನೋಡುತ್ತ ಕೂತಿದ್ದಾಗ ಹೋಯಿತು. ಮೂರನೆಯದಕ್ಕೆ ಹಲ್ಲು ಕಚ್ಚಿ, ಬೆವರು ಹುಬ್ಬಿಗೆ ಇಳಿದರೂ ಒರೆಸಿಕೊಳ್ಳದೆ, ಇದ್ದ ಬುದ್ಧಿಯನ್ನೆಲ್ಲ ಬೆರಳಿಗೆ ತಂದು ಆಡಿದ. ಆಟ ಮುಗಿಯಿತೆಂದು ಪರದೆ ಬಹಳ ಸ್ಪಷ್ಟವಾಗಿ ತೋರಿಸಿತು. ಒಂದು ಸಾವಿರದ ನೂರ ನಲವತ್ತು.

ದೂರದಲ್ಲಿ ಕಂಬಿ ಹಿಡಿದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಈ ಸ್ಕ್ರೀನು ಸ್ವಲ್ಪ ತಡ ಮಾಡುತ್ತೆ,” ಎಂದ. “ಹಳೇದ್ರಲ್ಲಿ ಒತ್ತಿದ ತಕ್ಷಣ...”

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆ ನಗುವಿಗಾಗಿ, ಸೋತ ಗಂಡನನ್ನು ಕಂಡಾಗ ಅವಳ ಮುಖದಲ್ಲಿ ಬರುತ್ತಿದ್ದ ಆ ನಗುವಿಗಾಗಿ, ಅವನು ಕಾದ. ಅದು ತುಟಿಯವರೆಗೂ ಬಂತು, ಅಲ್ಲಿಯೇ ನಿಂತಿತು.

“ಬೇಕಂತ ಸೋತ್ರಿ,” ಎಂದಳು.

“ಇಲ್ಲ.”

“ಎಂಬತ್ನಾಲ್ಕು ಸಾವಿರ ಹೊಡೆದವ್ರಿಗೆ ಸಾವಿರದ ನೂರಾ?”

“ಇಲ್ಲ ಕಣೆ, ನಿಜವಾಗ್ಲೂ ಸೋತೆ. ಇದ್ದ ಶಕ್ತಿಯೆಲ್ಲ ಹಾಕಿ ಆಡ್ದೆ. ನೋಡು, ಕೈ ಹೇಗೆ ನಡುಗ್ತಿದೆ.” ಅವನು ಎರಡೂ ಕೈಯನ್ನು ಅವಳ ಮುಂದೆ ಹಿಡಿದ. ಅವು ನಿಜವಾಗಿಯೂ ನಡುಗುತ್ತಿದ್ದವು.

ಅವಳು ಆ ಕೈಗಳನ್ನು ನೋಡಿದಳು, ಅವನ ಮುಖವನ್ನು ನೋಡಿದಳು, ಮತ್ತೆ ಕೈಗಳನ್ನು ನೋಡಿದಳು. ನಂಬಲು ಅವಳಿಗೆ ಬಹಳ ಆಸೆಯಿತ್ತು, ಅದು ಅವನಿಗೆ ಕಾಣುತ್ತಿತ್ತು. ಕೌಂಟರಿನ ಮುಂದೆ ಬೂಟಿಗಾಗಿ ಬಂದ ಇಬ್ಬರು ಮೇಜು ಕುಟ್ಟುತ್ತಿದ್ದರು. ಅವಳು ಆ ಕಡೆ ತಿರುಗಲೇ ಇಲ್ಲ. ಡ್ರಾಯರಿನಿಂದ ಇನ್ನೊಂದು ಬಿಲ್ಲೆ ತೆಗೆದು ಅವನ ಕೈಗಿಟ್ಟಳು.

“ಇನ್ನೊಂದ್ಸಲ,” ಎಂದಳು. “ಈ ಸಲ ಸುಳ್ಳಿಲ್ದೆ ಆಡಿ.”